ಹಳೆಯ ಗೀಸರ್ ವಿಪರೀತ ಕಾದು ತಾನೇ ಬಂದ್ ಆಗುತ್ತಿದೆಯಾ? ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ-ಧಾರವಾಡದಲ್ಲಿ ಗೀಸರ್ ರಿಪೇರಿ ಮಾಡುತ್ತಾ ನನಗೆ ಇಪ್ಪತ್ತು ವರ್ಷ ದಾಟಿತು. ದೀಪಾವಳಿಯ ನೀರು ತುಂಬುವ ಹಬ್ಬ ಹತ್ತಿರ ಬಂತೆಂದರೆ ಫೋನ್ ಬಿಡುವು ಕೊಡುವುದಿಲ್ಲ. ಹಿಂದೆ ಆ ದಿನ ಬಚ್ಚಲ ಹಂಡೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಬೆಳಗಿ, ನೀರು ತುಂಬುತ್ತಿದ್ದರು. ಈಗ ಬಹಳ ಮನೆಗಳಲ್ಲಿ ಹಂಡೆಯ ಕೆಲಸವನ್ನು ಗೀಸರ್ ಮಾಡುತ್ತಿದೆ. ಆದರೆ ಹತ್ತು ವರ್ಷ ಆದರೂ ಅದರ ಒಳಗೆ ಏನಾಗಿದೆ ಅಂತ ಯಾರೂ ಬಿಚ್ಚಿ ನೋಡಿರುವುದಿಲ್ಲ. ಕೊನೆಗೆ ಒಂದು ಬೆಳಗ್ಗೆ ನಳ ತಿರುವಿದರೆ ಹಬೆ ಬರುತ್ತದೆ, ಮರುದಿನ ಗೀಸರ್ ಆನ್ ಆಗುವುದೇ ಇಲ್ಲ. ಆಗ ಜನ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ.

ಗೀಸರ್ ತಾನಾಗಿಯೇ ಬಂದ್ ಆಗುತ್ತದೆ. ಅಂದರೆ ಕೆಟ್ಟಿದೆಯಾ?

ಬಂದ್ ಆಗುವುದರಲ್ಲಿ ಎರಡು ಬಗೆ ಇದೆ. ನೀರು ನೀವು ಇಟ್ಟಷ್ಟು ಡಿಗ್ರಿಗೆ ಕಾದಾಗ ಥರ್ಮೋಸ್ಟಾಟ್ ಕರೆಂಟ್ ನಿಲ್ಲಿಸುತ್ತದೆ, ನೀರು ತಣ್ಣಗಾದಾಗ ಮತ್ತೆ ಕೊಡುತ್ತದೆ. ಅದು ಅದರ ದಿನದ ಕೆಲಸ. ಥರ್ಮೋಸ್ಟಾಟ್ ಕೆಲಸ ತಪ್ಪಿದರೆ ನೀರು ಕಾಯುತ್ತಲೇ ಹೋಗುತ್ತದೆ. ಆಗ ಅದರ ಬೆನ್ನಿಗಿರುವ ಥರ್ಮಲ್ ಕಟ್‌ಔಟ್ ಬೀಳುತ್ತದೆ. ಹೆಚ್ಚಿನ ಗೀಸರ್‌ಗಳಲ್ಲಿ ಇದು 85ರಿಂದ 95 ಡಿಗ್ರಿ ನಡುವೆ ಬೀಳುತ್ತದೆ. ಕೆಲವು ಮಾಡೆಲ್‌ಗಳಲ್ಲಿ ತಣ್ಣಗಾದ ಮೇಲೆ ತಾನೇ ಕೂಡಿಕೊಳ್ಳುತ್ತದೆ, ಇನ್ನು ಕೆಲವದರಲ್ಲಿ ಕವರ್ ಬಿಚ್ಚಿ ಸಣ್ಣ ಬಟನ್ ಒತ್ತಬೇಕು.

ಕಟ್‌ಔಟ್ ಒಮ್ಮೆ ಬಿದ್ದರೆ ನೋಡೋಣ ಅನ್ನಬಹುದು. ವಾರದಲ್ಲಿ ಎರಡು ಸಲ ಬಿದ್ದರೆ ಒಳಗೆ ನೀರು ಕುದಿಯುವ ಮಟ್ಟಕ್ಕೆ ಹೋಗುತ್ತಿದೆ ಅಂತಲೇ ಅರ್ಥ. ಬಟನ್ ಒತ್ತಿ ಒತ್ತಿ ಬಳಸುವುದನ್ನು ಅಲ್ಲಿಗೇ ನಿಲ್ಲಿಸಿ.

ಏನು ಟ್ರಿಪ್ ಆಗಿದೆ ಅಂತ ನಾನು ಹೇಗೆ ತಿಳಿಯಲಿ?

ಮೊದಲು ಮೀಟರ್ ಬೋರ್ಡಿನ ಹತ್ತಿರ ಹೋಗಿ ನೋಡಿ. ಅಲ್ಲಿ ಇಎಲ್‌ಸಿಬಿ ಅಥವಾ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ಬೀಳುವ ಸ್ವಿಚ್, ಬಿದ್ದಿದ್ದರೆ ಕರೆಂಟ್ ಎಲ್ಲೋ ನೀರಿಗೆ ಇಲ್ಲವೇ ಗೀಸರ್ ಬಾಡಿಗೆ ಸೋರುತ್ತಿದೆ. ಸಾಮಾನ್ಯವಾಗಿ ನೀರು ಕಾಯಿಸುವ ಕಾಯಿಲ್‌ನ ಹೊರಕವಚ ಸೀಳಿ ನೀರು ಒಳಗೆ ಹೋಗಿರುತ್ತದೆ. ಇದು ಎಲ್ಲಕ್ಕಿಂತ ಗಂಭೀರ. ಪ್ಲಗ್ ಕಿತ್ತಿಡಿ, ಆ ಗೀಸರಿನ ನೀರಿನಲ್ಲಿ ಜಳಕ ಮಾಡಬೇಡಿ.

ಎಂಸಿಬಿ ಅನ್ನುವ ಸಣ್ಣ ಸ್ವಿಚ್ ಬಿದ್ದಿದ್ದರೆ ಶಾರ್ಟ್ ಆಗಿದೆ ಅಥವಾ ಅದರ ತಾಕತ್ತಿಗಿಂತ ಜಾಸ್ತಿ ಲೋಡ್ ಬಿದ್ದಿದೆ. ಬೋರ್ಡಿನಲ್ಲಿ ಏನೂ ಬಿದ್ದಿಲ್ಲ, ಪ್ಲಗ್ಗಿಗೆ ಕರೆಂಟ್ ಬರುತ್ತಿದೆ, ಆದರೂ ನೀರು ಕಾಯುತ್ತಿಲ್ಲ ಅಂದರೆ ಗೀಸರ್ ಒಳಗಿನ ಕಟ್‌ಔಟ್ ಬಿದ್ದಿರಬಹುದು, ಕಾಯಿಲ್ ಸುಟ್ಟಿರಬಹುದು. ಬೀಳುವ ಮೊದಲು ನೀರು ಹೇಗಿತ್ತು ಅನ್ನುವುದನ್ನು ನೆನಪು ಮಾಡಿಕೊಳ್ಳಿ. ಹಿಂದಿನ ದಿನ ನೀರು ಕೈ ಸುಡುವಷ್ಟು ಬಂದಿದ್ದರೆ ಕಟ್‌ಔಟ್. ಸುಮ್ನೆ ತಣ್ಣೀರು ಬರತೊಡಗಿದ್ದರೆ ಕಾಯಿಲ್ ಮೇಲೆ ಅನುಮಾನ ಜಾಸ್ತಿ.

ಮಲ್ಟಿಮೀಟರ್ ಬಳಸಲು ಬರುವವರಿಗೆ ಒಂದು ಲೆಕ್ಕ. 230 ವೋಲ್ಟಿಗೆ ಮಾಡಿದ 2 ಕಿಲೋವ್ಯಾಟ್ ಕಾಯಿಲ್ ಸುಮಾರು 26 ಓಮ್ ತೋರಿಸಬೇಕು, 3 ಕಿಲೋವ್ಯಾಟಿನದು 17-18 ಓಮ್. ಏನೂ ತೋರಿಸದಿದ್ದರೆ ತುಂಡಾಗಿದೆ. ಕಾಯಿಲ್ ಪಿನ್‌ಗೂ ಬಾಡಿಗೂ ನಡುವೆ ಏನಾದರೂ ತೋರಿಸಿದರೆ ಸೋರುತ್ತಿದೆ. ಪ್ಲಗ್ ಕಿತ್ತು, ಕಾಯಿಲ್ ವೈರ್ ಬಿಚ್ಚಿದ ಮೇಲೆಯೇ ಈ ಅಳತೆ.

ಥರ್ಮೋಸ್ಟಾಟ್ 50ಕ್ಕೇ ಇಟ್ಟಿದ್ದೇನೆ. ಆದರೂ ನೀರು ಯಾಕೆ ಕುದಿಯುತ್ತದೆ?

ಹಳೆಯ ಗೀಸರಿನಲ್ಲಿ ಇದಕ್ಕೆ ನಾನು ಕಂಡ ಕಾರಣಗಳು ಮುಖ್ಯವಾಗಿ ಎರಡು. ಒಂದು, ಥರ್ಮೋಸ್ಟಾಟ್ ಒಳಗಿನ ಪಾಯಿಂಟ್‌ಗಳು ಅಂಟಿಕೊಳ್ಳುವುದು. ಪ್ರತಿ ಸಲ ಕರೆಂಟ್ ಕಡಿದಾಗ ಅಲ್ಲಿ ಸಣ್ಣ ಕಿಡಿ ಹಾರುತ್ತದೆ. ಸಾವಿರಾರು ಸಲ ಹೀಗಾದಾಗ ಲೋಹ ಕರಗಿ ಎರಡೂ ಪಾಯಿಂಟ್ ಬೆಸುಗೆ ಹಾಕಿದ ಹಾಗೆ ಕೂತುಬಿಡುತ್ತವೆ. ಆಮೇಲೆ ನೀವು ಗುಂಡಿಯನ್ನು 30ಕ್ಕೆ ತಿರುಗಿಸಿದರೂ ಒಂದೇ, 70ಕ್ಕೆ ತಿರುಗಿಸಿದರೂ ಒಂದೇ. ಮನೆಯಲ್ಲೇ ಪರೀಕ್ಷೆ ಮಾಡಬಹುದು. ಗೀಸರ್ ಕಾಯುತ್ತಿರುವಾಗ ಗುಂಡಿಯನ್ನು ಪೂರ್ತಿ ಕಡಿಮೆಗೆ ತಿರುಗಿಸಿ. ಸಣ್ಣಗೆ "ಟಿಕ್" ಅನ್ನಬೇಕು, ಕಾಯುವ ದೀಪ ಆರಬೇಕು. ಎರಡೂ ಆಗದಿದ್ದರೆ ಥರ್ಮೋಸ್ಟಾಟ್ ಬದಲಿಸಿ, ಅದನ್ನು ರಿಪೇರಿ ಮಾಡಲು ಹೋಗಬೇಡಿ.

ಎರಡನೆಯದು ನಮ್ಮ ಕಡೆ ಇನ್ನೂ ಜಾಸ್ತಿ. ಥರ್ಮೋಸ್ಟಾಟಿನ ಕಡ್ಡಿ ನೀರಿಗೆ ನೇರ ತಾಗುವುದಿಲ್ಲ. ಅದು ಟ್ಯಾಂಕಿನೊಳಗೆ ಚಾಚಿದ ಒಂದು ತೆಳುವಾದ ಕೊಳವೆಯಲ್ಲಿ ಕೂತಿರುತ್ತದೆ. ಆ ಕೊಳವೆಯ ಮೇಲೆ ಸುಣ್ಣ ದಪ್ಪವಾಗಿ ಕಟ್ಟಿದರೆ ನೀರಿನ ಬಿಸಿ ಕಡ್ಡಿಗೆ ತಡವಾಗಿ ಮುಟ್ಟುತ್ತದೆ. ಅದಕ್ಕೆ 50 ಅಂತ ಗೊತ್ತಾಗುವಷ್ಟರಲ್ಲಿ ನೀರು 75 ದಾಟಿರುತ್ತದೆ. ಅಲ್ಲಿಗೆ ಹೊಸ ಥರ್ಮೋಸ್ಟಾಟ್ ಹಾಕಿದರೂ ಅದೇ ಕಥೆ. "ಮೂರು ಥರ್ಮೋಸ್ಟಾಟ್ ಬದಲಿಸಿದೆ ಅಣ್ಣಾರ, ಏನೂ ಆಗ್ಲಿಲ್ಲ" ಅಂತ ಹೇಳುವವರ ಗೀಸರ್ ಬಿಚ್ಚಿದರೆ ಇದೇ ಸಿಗುತ್ತದೆ.

ಕೆಲವೊಮ್ಮೆ ಉಲ್ಟಾ ಆಗುವುದೂ ಉಂಟು. ಕಾಯಿಲ್ ಮತ್ತು ಆ ಕೊಳವೆ ಎರಡೂ ಒಂದೇ ಸುಣ್ಣದ ಗಡ್ಡೆಯಲ್ಲಿ ಸೇರಿಕೊಂಡರೆ ಕಾಯಿಲ್ ಬಿಸಿ ನೇರ ಕಡ್ಡಿಗೆ ಹೋಗುತ್ತದೆ. ಆಗ ನೀರು ಉಗುರುಬೆಚ್ಚಗಿದ್ದಾಗಲೇ ಗೀಸರ್ ಬಂದ್ ಆಗುತ್ತದೆ, ಆನ್ ಆಗುತ್ತದೆ, ಮತ್ತೆ ಬಂದ್ ಆಗುತ್ತದೆ.

ಸುಣ್ಣ ಅಂದರೆ ಏನು? ಎಲ್ಲಿಂದ ಬರುತ್ತದೆ?

ನಮ್ಮ ಬೋರ್ ನೀರಿನಿಂದ. ಹುಬ್ಬಳ್ಳಿ-ಧಾರವಾಡಕ್ಕೆ ಸವದತ್ತಿ ಹತ್ತಿರದ ನವಿಲುತೀರ್ಥದಿಂದ ಮಲಪ್ರಭೆಯ ನೀರು ಬರುತ್ತದೆ, ಗದಗಿಗೆ ತುಂಗಭದ್ರೆಯದು. ಆದರೆ ಬಹಳ ಓಣಿಗಳಲ್ಲಿ ನಳದ ನೀರು ದಿನಾ ಬರುವುದಿಲ್ಲ. ಸಿಹಿ ನೀರನ್ನು ಕುಡಿಯಲು, ಅಡುಗೆಗೆ ಕಾದಿಟ್ಟುಕೊಂಡು, ಜಳಕಕ್ಕೆ ಟಾಕಿಗೆ ಬೋರಿನ ಸವಳು ನೀರು ಏರಿಸುತ್ತೇವೆ. ಆ ಸವಳು ನೀರೇ ಗೀಸರಿಗೆ ಹೋಗುತ್ತದೆ.

ಸವಳು ನೀರಿನಲ್ಲಿ ಕ್ಯಾಲ್ಸಿಯಂ, ಮ್ಯಾಗ್ನೀಸಿಯಂ ಕರಗಿರುತ್ತವೆ. ನೀರು ಕಾದಾಗ ಕ್ಯಾಲ್ಸಿಯಂ ಸುಣ್ಣದ ಕಲ್ಲಾಗಿ ಬೇರ್ಪಟ್ಟು ಎಲ್ಲಿ ಬಿಸಿ ಜಾಸ್ತಿಯೋ ಅಲ್ಲೇ ಕೂಡುತ್ತದೆ. ಎಲ್ಲಕ್ಕಿಂತ ಬಿಸಿ ಜಾಗ ಕಾಯಿಲ್. ಕುಡಿಯುವ ನೀರಿನ ಐಎಸ್ 10500 ಮಾನಕದಲ್ಲಿ ಗಡಸುತನ, ಅಂದರೆ ಈ ಕರಗಿದ ಅಂಶ, ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ ಅಂತಿದೆ. 600ರ ನೀರನ್ನು ದಿನಕ್ಕೆ 100 ಲೀಟರ್ ಕಾಯಿಸಿದಿರಿ ಅನ್ನಿ. ದಿನಾ 60 ಗ್ರಾಂ ಸುಣ್ಣದ ಅಂಶ ಆ ಗೀಸರಿನ ಮೂಲಕ ಹಾದುಹೋಗುತ್ತದೆ. ಅದರಲ್ಲಿ ಒಂದು ಚೂರು ಒಳಗೆ ಉಳಿದರೂ ವರ್ಷಕ್ಕೆ ಎಷ್ಟಾಯಿತು ನೋಡಿ.

ಹೋದ ಚಳಿಗಾಲದಲ್ಲಿ ವಿದ್ಯಾನಗರದ ಒಂದು ಮನೆಯಲ್ಲಿ 15 ಲೀಟರಿನ ಗೀಸರ್ ಇಳಿಸಿದೆ. ನೀರು ಪೂರ್ತಿ ಖಾಲಿ ಮಾಡಿದ್ದೆ, ಆದರೂ ಇಬ್ಬರು ಹಿಡಿಯಬೇಕಾಯಿತು. ಕೆಳಗಿನ ಪ್ಲೇಟಿನ ನಟ್ ಬಿಚ್ಚಿ ಎಳೆದರೆ ಕಾಯಿಲ್ ಹೊರಗೆ ಬರಲೊಲ್ಲದು. ಬೆರಳು ದಪ್ಪದ ಕಾಯಿಲ್ ಮೇಲೆ ಸುಣ್ಣ ಕಟ್ಟಿ ಮುಂಗೈ ದಪ್ಪ ಆಗಿತ್ತು, ತೂತಿನಲ್ಲಿ ಸಿಕ್ಕಿಹಾಕಿಕೊಂಡಿತ್ತು. ಮರದ ತುಂಡಿನಿಂದ ಮೆಲ್ಲಗೆ ಬಡಿದಾಗ ಮೊಟ್ಟೆಯ ಚಿಪ್ಪಿನ ಹಾಗೆ ಪದರ ಪದರ ಬಿತ್ತು. ಹೊರಗಿನ ಪದರ ಬಿಳಿ, ಒಳಗಿನದು ಕಂದು, ಕಾಯಿಲ್‌ಗೆ ತಾಗಿದ್ದು ಕರ್ರಗೆ ಸುಟ್ಟಿತ್ತು. ಎಲ್ಲಾ ಸೇರಿ ಅರ್ಧ ಬಕೆಟ್. ಆ ಮನೆಯ ಅಜ್ಜಿ ಒಂದು ಚೂರು ಕೈಯಲ್ಲಿ ಹಿಡಿದು, "ತಮ್ಮಾ, ಇದರಾಗಿನ ನೀರ ನಾವು ಮೈಮ್ಯಾಲೆ ಹಾಕ್ಕೊಂತಿದ್ವೇನು?" ಅಂದರು. ಸುಣ್ಣದಿಂದ ಮೈಗೆ ಹೆದರಿಕೆ ಇಲ್ಲ ಅಂತ ಅವರಿಗೆ ಹೇಳಿದೆ. ತೊಂದರೆ ಆಗುವುದು ಕಾಯಿಲ್‌ಗೆ. ಸುಣ್ಣದ ಕಂಬಳಿ ಹೊದ್ದ ಕಾಯಿಲ್ ತನ್ನ ಬಿಸಿಯನ್ನು ನೀರಿಗೆ ಬಿಟ್ಟುಕೊಡಲಾಗದೆ ತಾನೇ ಸುಡುತ್ತದೆ.

ನಿಮ್ಮ ಗೀಸರ್ ಕಾಯುವಾಗ "ಕಡ ಕಡ", "ಗುಳು ಗುಳು" ಅಂತ ಸದ್ದು ಮಾಡುತ್ತಿದ್ದರೆ ಒಳಗೆ ಸುಣ್ಣ ಕಟ್ಟಿದೆ ಅಂತ ತಿಳಿಯಿರಿ. ಸುಣ್ಣದ ಅಡಿ ಸಿಕ್ಕ ನೀರು ಅಲ್ಲಲ್ಲೇ ಕುದಿದು ಸಿಡಿಯುವ ಸದ್ದು ಅದು.

ನಾನೇ ಸ್ವಚ್ಛ ಮಾಡಿಕೊಳ್ಳಬಹುದಾ?

ಕರೆಂಟ್ ಕೆಲಸ ಗೊತ್ತಿದ್ದವರು ಮಾಡಬಹುದು. ಗೊತ್ತಿಲ್ಲದವರು ದಯವಿಟ್ಟು ಮಾಡಬೇಡಿ, ಪಕ್ಕದಲ್ಲಿ ನಿಂತು ಮಾಡಿಸಿ.

ಎಂಸಿಬಿ ಇಳಿಸಿ, ಪ್ಲಗ್ ಕಿತ್ತು, ನೀರು ತಣ್ಣಗಾಗಲು ಬಿಡಿ. ಒಳಬರುವ ನೀರಿನ ವಾಲ್ವ್ ಬಂದ್ ಮಾಡಿ, ಟ್ಯಾಂಕ್ ಖಾಲಿ ಮಾಡಿ. ಕೆಳಗಿನ ಕವರ್ ತೆಗೆದ ಕೂಡಲೇ ವೈರ್‌ಗಳ ಫೋಟೋ ಹೊಡೆದುಕೊಳ್ಳಿ. ಆಮೇಲೆ ಪಾನಾ ಹಾಕಿ ಪ್ಲೇಟ್ ಬಿಚ್ಚಿ ಕಾಯಿಲ್ ಹೊರಗೆ ತೆಗೆಯಿರಿ. ಒಂದು ಲೀಟರ್ ಬಿಸಿನೀರಿಗೆ 50 ಗ್ರಾಂ ಸಿಟ್ರಿಕ್ ಆಸಿಡ್, ಅಂದರೆ ಕಿರಾಣಿ ಅಂಗಡಿಯ ನಿಂಬೆ ಉಪ್ಪು, ಕಲಸಿ ಕಾಯಿಲ್‌ನ ಸುಣ್ಣ ಹಿಡಿದ ಭಾಗ ಮಾತ್ರ ಎರಡು-ಮೂರು ತಾಸು ನೆನೆಸಿ. ಕರೆಂಟ್ ಪಿನ್‌ಗಳು ನೀರಿನ ಮೇಲೆ, ಒಣಗಿದ್ದಿರಲಿ. ನೊರೆ ಏಳುವುದು ನಿಂತ ಮೇಲೆ ತೊಳೆಯಿರಿ. ಹಂಡೆ ತಿಕ್ಕುವ ಹುಣಸೆಹಣ್ಣು ಮಾಡುವುದೂ ಇಂಥದ್ದೇ ಹುಳಿಯ ಕೆಲಸ, ಆದರೆ ಇಷ್ಟು ಗಟ್ಟಿ ಸುಣ್ಣಕ್ಕೆ ಅದು ಸಾಲದು. ಸುತ್ತಿಗೆಯಿಂದ ಬಡಿಯಬೇಡಿ. ಸಂಡಾಸಿಗೆ ಹಾಕುವ ಆಸಿಡ್ ಅಂತೂ ಹತ್ತಿರ ತರಬೇಡಿ. ಅದು ಸುಣ್ಣದ ಜೊತೆ ಲೋಹವನ್ನೂ ತಿನ್ನುತ್ತದೆ, ಬಚ್ಚಲಿನಲ್ಲಿ ಅದರ ಹೊಗೆ ಎದೆಗೆ ಕೆಟ್ಟದ್ದು.

ಕಾಯಿಲ್ ಪಕ್ಕ ಒಂದು ಮ್ಯಾಗ್ನೀಸಿಯಂ ರಾಡ್ ಇರುತ್ತದೆ. ಟ್ಯಾಂಕಿನ ಬದಲು ತಾನು ತುಕ್ಕು ತಿಂದು ಸವೆಯುವುದೇ ಅದರ ಕೆಲಸ. ಸವೆದು ಒಳಗಿನ ತಂತಿ ಕಾಣುತ್ತಿದ್ದರೆ ಹೊಸದು ಹಾಕಿ. ಗ್ಯಾಸ್ಕೆಟ್ ಕೂಡ ಹೊಸದೇ ಇರಲಿ. ಇವೆಲ್ಲ ಹುಬ್ಬಳ್ಳಿಯ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಸಿಗುತ್ತವೆ. ಹಳೆಯ ಭಾಗ ಕೈಯಲ್ಲೇ ಹಿಡಿದುಕೊಂಡು ಹೋಗಿ, ಅಳತೆ ತಪ್ಪುವುದಿಲ್ಲ. ಸವಳು ನೀರಿನ ಮನೆಗೆ ವರ್ಷಕ್ಕೊಮ್ಮೆ ಈ ಕೆಲಸ ಬೇಕೇ ಬೇಕು. ಸಿಹಿ ನೀರು ಮಾತ್ರ ಬಳಸುವವರಿಗೆ ಎರಡು-ಮೂರು ವರ್ಷಕ್ಕೊಮ್ಮೆ ಸಾಕು.

ಟಾಕಿ ಖಾಲಿಯಾಗಿತ್ತು, ಗೊತ್ತಾಗದೆ ಗೀಸರ್ ಹಾಕಿದೆ. ಅಂದಿನಿಂದ ತೊಂದರೆ.

ಟಾಕಿ ಖಾಲಿಯಾದರೂ ಗೀಸರಿನ ಒಳಗಿನ ನೀರು ಸಾಮಾನ್ಯವಾಗಿ ಹಾಗೇ ಉಳಿಯಬೇಕು. ಆದರೆ ಕೆಳಗಿನ ನಾನ್-ರಿಟರ್ನ್ ವಾಲ್ವ್ ಸವೆದಿದ್ದರೆ ನೀರು ಹಿಂದಕ್ಕೆ ಇಳಿದುಹೋಗುತ್ತದೆ. ಆಗ ಕಾಯಿಲ್ ಗಾಳಿಯಲ್ಲಿ ಕಾಯುತ್ತದೆ, ಕೆಲವೇ ನಿಮಿಷದಲ್ಲಿ ಕೆಂಪಗಾಗುತ್ತದೆ. ಕಟ್‌ಔಟ್ ಬಿದ್ದು ಉಳಿಸಿದರೆ ಪುಣ್ಯ. ವಾಲ್ವ್ ಬದಲಿಸಿ, ಕಾಯಿಲ್ ಸೋರುತ್ತಿದೆಯಾ ಅಂತ ಅಳತೆ ಮಾಡಿಸಿ. ಬಿಸಿನೀರಿನ ನಳದಲ್ಲಿ ನೀರು ಒಂದೇ ಸಮನೆ, ಗಾಳಿ ಉಗುಳದೆ ಬರುವವರೆಗೆ ಸ್ವಿಚ್ ಹಾಕಬೇಡಿ.

ಮೆಕ್ಯಾನಿಕ್ "ಕಟ್‌ಔಟ್ ತೆಗೆದು ನೇರ ಜೋಡಿಸ್ತೀನಿ, ಮತ್ತೆ ಬಂದ್ ಆಗಲ್ಲ" ಅಂತಾನೆ. ಮಾಡಿಸಲಾ?

ಬೇಡ. ಯಾರು ಹೇಳಿದರೂ ಬೇಡ.

ಧಾರವಾಡದ ಒಂದು ಮನೆಯಲ್ಲಿ ಯಾರೋ ಹೀಗೆ ಮಾಡಿಹೋಗಿದ್ದರು. ನಾನು ಹೋದಾಗ ಬಚ್ಚಲ ಗೋಡೆಯ ಪೈಪ್ ಬಾಗಿ ಜೋತುಬಿದ್ದಿತ್ತು, ನಳದ ಪ್ಲಾಸ್ಟಿಕ್ ಹಿಡಿಕೆ ಮೆತ್ತಗಾಗಿತ್ತು. ಕವರ್ ತೆಗೆದು ನೋಡಿದರೆ ಕಟ್‌ಔಟ್ ಜಾಗದಲ್ಲಿ ಎರಡು ಇಂಚಿನ ತಂತಿ, ಅದರ ಮೇಲೆ ಕರಗಿದ ಟೇಪ್. ಅದೇ ಬಚ್ಚಲಿನಲ್ಲಿ ಎರಡು ಮಕ್ಕಳು ದಿನಾ ಜಳಕ ಮಾಡಿ ಶಾಲೆಗೆ ಹೋಗುತ್ತಿದ್ದರು. ನನಗೆ ಇವತ್ತಿಗೂ ಅದು ನೆನಪಾದರೆ ಕೈ ತಣ್ಣಗಾಗುತ್ತದೆ.

ಥರ್ಮೋಸ್ಟಾಟ್ ಅಂಟಿಕೊಂಡು, ಕಟ್‌ಔಟ್ ಇಲ್ಲದೆ, ಸೇಫ್ಟಿ ವಾಲ್ವ್ ಕೂಡ ಸುಣ್ಣದಿಂದ ಮುಚ್ಚಿದ್ದರೆ ಆ ಟ್ಯಾಂಕ್ ಸೀಟಿ ಇಲ್ಲದ ಕುಕ್ಕರ್ ಇದ್ದ ಹಾಗೆ. ಗೀಸರ್ ಒಡೆಯುವುದು ಹೀಗೆಯೇ. ಮೊದಲೇ ಯಾರಾದರೂ ನಿಮ್ಮ ಮನೆಯಲ್ಲಿ ಹೀಗೆ ಮಾಡಿಹೋಗಿದ್ದಾರಾ ಅಂತ ಅನುಮಾನ ಇದ್ದರೆ ಇವತ್ತೇ ತೆರೆದು ನೋಡಿಸಿ.

ಸೇಫ್ಟಿ ವಾಲ್ವಿನಿಂದ ಹನಿ ಬೀಳುತ್ತದೆ. ಮುಚ್ಚಿಬಿಡಲಾ?

ಮುಚ್ಚಬೇಡಿ. ನೀರು 20ರಿಂದ 60 ಡಿಗ್ರಿಗೆ ಕಾದಾಗ ಸುಮಾರು ನೂರಕ್ಕೆ ಒಂದೂವರೆ ಪಾಲು ಹಿಗ್ಗುತ್ತದೆ. 15 ಲೀಟರಿಗೆ ಒಂದು ಲೋಟದಷ್ಟು. ಅದು ಮೇಲಿನ ಟಾಕಿಗೆ ವಾಪಸ್ ಹೋಗಲು ದಾರಿ ಇಲ್ಲದಿದ್ದರೆ ವಾಲ್ವಿನಿಂದ ಹನಿಯುತ್ತದೆ. ಕಾಯುವಾಗ ಮಾತ್ರ ಹನಿ ಬಿದ್ದರೆ ಸರಿ ಇದೆ. ಇಡೀ ದಿನ ಬಿದ್ದರೆ, ಅಥವಾ ಹಬೆಯ ಜೊತೆ ಚಿಮ್ಮಿದರೆ, ವಾಲ್ವ್ ಅಥವಾ ಥರ್ಮೋಸ್ಟಾಟ್ ನೋಡಿಸಿ.

ಬೇಸಿಗೆಯಲ್ಲಿ ಮಾತ್ರ ಕಟ್‌ಔಟ್ ಬೀಳುತ್ತದೆ, ಚಳಿಗಾಲದಲ್ಲಿ ಸರಿ ಇರುತ್ತದೆ. ಯಾಕೆ?

ನಿಮ್ಮ ಮನೆಯ ಮೇಲೆ ಸೋಲಾರ್ ಇದೆಯಾ, ಅದರ ನೀರು ಗೀಸರಿಗೆ ಬರುತ್ತದೆಯಾ ನೋಡಿ. ಏಪ್ರಿಲ್-ಮೇ ಬಿಸಿಲಿಗೆ ಸೋಲಾರ್ ಟ್ಯಾಂಕಿನ ನೀರು ಆರಾಮಾಗಿ 70-80 ಡಿಗ್ರಿ ಮುಟ್ಟುತ್ತದೆ, ಬಳಸದೆ ಬಿಟ್ಟರೆ ಇನ್ನೂ ಮೇಲೆ ಹೋಗುತ್ತದೆ. ಆ ನೀರು ಗೀಸರಿಗೆ ಇಳಿದರೆ ಸ್ವಿಚ್ ಹಾಕದೆಯೇ ಕಟ್‌ಔಟ್ ಬೀಳಬಹುದು. ಗೀಸರಿನ ತಪ್ಪು ಏನೂ ಇಲ್ಲ. ಬೇಸಿಗೆಯಲ್ಲಿ ಸೋಲಾರ್ ನೀರು ಗೀಸರ್ ಬಿಟ್ಟು ನೇರ ನಳಕ್ಕೆ ಹೋಗುವ ಹಾಗೆ ಪ್ಲಂಬರ್ ಕಡೆಯಿಂದ ಒಂದು ವಾಲ್ವ್ ಹಾಕಿಸಿ.

ಪ್ಲಗ್ ಕಪ್ಪಾಗಿದೆ, ಸುಟ್ಟ ವಾಸನೆ ಬರುತ್ತದೆ.

2 ಕಿಲೋವ್ಯಾಟ್ ಗೀಸರ್ ಸುಮಾರು 9 ಆಂಪಿಯರ್ ಎಳೆಯುತ್ತದೆ. 6 ಆಂಪಿಯರ್ ಪಾಯಿಂಟಿಗೆ ಅದನ್ನು ಹಾಕಲೇಬಾರದು. 16 ಆಂಪಿಯರ್ ಸಾಕೆಟ್, ಸರಿಯಾದ ಅರ್ಥಿಂಗ್ ಬೇಕು. ಸಾಕೆಟ್ ಸಡಿಲವಾಗಿದ್ದರೂ ಪಿನ್ ಕಾಯುತ್ತದೆ. ಇನ್ನೊಂದು ಮಾತು: ವೋಲ್ಟೇಜ್ 230ರ ಬದಲು 253 ಬಂದರೆ 2 ಕಿಲೋವ್ಯಾಟ್ ಕಾಯಿಲ್ 2.4 ಕಿಲೋವ್ಯಾಟಿನಷ್ಟು ಕಾಯುತ್ತದೆ. ಮೊದಲೇ ಸುಣ್ಣ ಹಿಡಿದ ಕಾಯಿಲ್‌ಗೆ ಅಷ್ಟೇ ಸಾಕು.

ಎಷ್ಟು ಡಿಗ್ರಿಗೆ ಇಡಲಿ? ಎಷ್ಟು ಹೊತ್ತು ಹಾಕಲಿ?

50ರಿಂದ 60ರ ನಡುವೆ ಇಡಿ. ಬಿಸಿ ಏರಿದಷ್ಟೂ ಸುಣ್ಣ ಬೇಗ ಕಟ್ಟುತ್ತದೆ. 60 ಡಿಗ್ರಿ ನೀರು ಕೆಲವೇ ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ, ಹಾಗಾಗಿ ಮಕ್ಕಳು, ವಯಸ್ಸಾದವರು ಇರುವ ಮನೆಯಲ್ಲಿ 50ರ ಹತ್ತಿರವೇ ಇರಲಿ. ಬಕೆಟ್ಟಿಗೆ ಮೊದಲು ತಣ್ಣೀರು ಬಿಟ್ಟು ಆಮೇಲೆ ಬಿಸಿನೀರು ಬಿಡಿ.

20 ಡಿಗ್ರಿ ನೀರನ್ನು 60ಕ್ಕೆ ಏರಿಸಲು 2 ಕಿಲೋವ್ಯಾಟಿನ 15 ಲೀಟರ್ ಗೀಸರಿಗೆ 20-22 ನಿಮಿಷ ಸಾಕು, 25 ಲೀಟರಿಗೆ 35 ನಿಮಿಷ. ನಿಮ್ಮದು ಇದಕ್ಕಿಂತ ತುಂಬಾ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತಿದ್ದರೆ ಸುಣ್ಣದ ಗುರುತು.

ನಮ್ಮ ತೋಟದ ಮನೆಯಲ್ಲಿ ಬಿಸಿನೀರಿನಲ್ಲಿ ಕೂರುವ ಹಳೆಯ ಹಾಟ್ ಟಬ್ ಇದೆ. ಅದೂ ಕಾದು ಬಂದ್ ಆಗುತ್ತದೆ. ಇದೇ ಕಾರಣವಾ?

ಸುಣ್ಣದ ಕಥೆ ಒಂದೇ, ಆದರೆ ಟಬ್ಬಿನಲ್ಲಿ ಮೊದಲು ನೋಡಬೇಕಾದ್ದು ನೀರಿನ ಹರಿವು. ಅಲ್ಲಿ ಪಂಪ್ ನೀರನ್ನು ಹೀಟರ್ ಕೊಳವೆಯ ಮೂಲಕ ತಿರುಗಿಸುತ್ತಿರುತ್ತದೆ. ಹರಿವು ಕಡಿಮೆಯಾದರೆ ಕೊಳವೆಯಲ್ಲಿ ನಿಂತ ನೀರು ವಿಪರೀತ ಕಾಯುತ್ತದೆ, ಸೆನ್ಸರ್ ಅದನ್ನು ಕಂಡು ಎಲ್ಲಾ ಬಂದ್ ಮಾಡುತ್ತದೆ. ಟಬ್ಬಿನ ನೀರು ಮಾತ್ರ ಅಷ್ಟೇನೂ ಬಿಸಿ ಇರುವುದಿಲ್ಲ.

ಫಿಲ್ಟರ್ ಹೊರಗೆ ತೆಗೆದು ಸ್ವಲ್ಪ ಹೊತ್ತು ಓಡಿಸಿ ನೋಡಿ. ಬಂದ್ ಆಗುವುದು ನಿಂತರೆ ಫಿಲ್ಟರ್ ಕಟ್ಟಿದೆ. ನಿಲ್ಲದಿದ್ದರೆ ನೀರಿನ ಮಟ್ಟ ಕಡಿಮೆ ಇದೆಯಾ, ವಾಲ್ವ್ ಅರ್ಧ ಮುಚ್ಚಿದೆಯಾ, ನೀರು ಬದಲಿಸಿದಾಗ ಪಂಪಿನಲ್ಲಿ ಗಾಳಿ ಸಿಕ್ಕಿದೆಯಾ ನೋಡಿ. ಪಂಪ್ ಕಿರ್ರೆಂದು ಕೂಗುತ್ತಿದ್ದರೆ ಬೇರಿಂಗ್ ಹೋಗಿದೆ.

ಬೇಸಿಗೆಯಲ್ಲಿ ಇನ್ನೊಂದು ಆಗುತ್ತದೆ. ಹೆಚ್ಚಿನ ಟಬ್‌ಗಳನ್ನು 40 ಡಿಗ್ರಿಗಿಂತ ಮೇಲೆ ಇಡಲು ಬರುವುದಿಲ್ಲ. ಗದಗಿನ ಏಪ್ರಿಲ್ ಬಿಸಿಲು, ಮೇಲೆ ದಪ್ಪ ಮುಚ್ಚಳ, ಜೊತೆಗೆ ತಾಸುಗಟ್ಟಲೆ ಓಡುವ ಪಂಪಿನ ಬಿಸಿ ಸೇರಿದರೆ ಹೀಟರ್ ಆನ್ ಆಗದೆಯೇ ನೀರು 40 ದಾಟುತ್ತದೆ. ಫಿಲ್ಟರ್ ಓಡುವ ಹೊತ್ತು ಕಡಿಮೆ ಮಾಡಿ, ರಾತ್ರಿ ಯಾರಾದರೂ ಎದುರಿಗಿರುವಾಗ ಮುಚ್ಚಳ ತೆರೆದಿಡಿ. ಬೇರೆ ಥರ್ಮಾಮೀಟರ್ ಮುಳುಗಿಸಿ ಅಳೆಯಿರಿ. ಅದು 36 ತೋರಿಸಿ ಟಬ್ಬಿನ ಡಿಸ್‌ಪ್ಲೇ 42 ತೋರಿಸಿದರೆ ಸೆನ್ಸರ್ ಹಳತಾಗಿದೆ.

ರಿಪೇರಿ ಮಾಡಿಸಲಾ, ಹೊಸದು ತರಲಾ?

ಥರ್ಮೋಸ್ಟಾಟ್, ಕಟ್‌ಔಟ್, ಕಾಯಿಲ್, ರಾಡ್, ವಾಲ್ವ್ ಯಾವುದೇ ಹೋಗಿದ್ದರೂ ಬದಲಿಸಿ ಬಳಸಬಹುದು. ಒಳಗಿನ ಟ್ಯಾಂಕ್ ಸೋರಲು ಶುರುವಾದರೆ ಅಲ್ಲಿಗೆ ಮುಗಿಯಿತು, ಬೆಸುಗೆ ಹಾಕಿಸಲು ದುಡ್ಡು ಸುರಿಯಬೇಡಿ. ಹೊಸದು ತರುವಾಗ ಐಎಸ್ಐ ಗುರುತು, ಅದರ ಐಎಸ್ 2082 ನಂಬರ್, ಸ್ಟಾರ್ ರೇಟಿಂಗ್ ನೋಡಿ. ಸವಳು ನೀರಿಗೆ ಗಾಜಿನ ಲೇಪದ ಟ್ಯಾಂಕ್ ಇರುವುದು ಒಳ್ಳೆಯದು ಅಂತ ನನ್ನ ಅನುಭವ. ಬೇಸರಪಟ್ಟು ಗ್ಯಾಸ್ ಗೀಸರ್ ತರುವವರೂ ಇದ್ದಾರೆ. ತಂದರೆ ಅದನ್ನು ಬಚ್ಚಲಿನ ಹೊರಗೆ, ಗಾಳಿ ಆಡುವ ಜಾಗದಲ್ಲಿ ಹಾಕಿಸಿ. ಮುಚ್ಚಿದ ಬಚ್ಚಲಿನಲ್ಲಿ ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಜೀವ ಹೋಗುತ್ತದೆ.

ಮೆಕ್ಯಾನಿಕ್ ಬರುವ ಮೊದಲು ನಾನು ಏನು ನೋಡಿಟ್ಟುಕೊಳ್ಳಲಿ?

ಗೀಸರ್ ಎಷ್ಟು ಲೀಟರ್, ಎಷ್ಟು ವರ್ಷ ಹಳೆಯದು, ಯಾವ ನೀರು ಬಳಸುತ್ತೀರಿ, ಬೋರ್ಡಿನಲ್ಲಿ ಏನು ಬಿದ್ದಿತ್ತು, ಸ್ವಿಚ್ ಹಾಕಿದ ಎಷ್ಟು ನಿಮಿಷಕ್ಕೆ ಬಂದ್ ಆಯಿತು. ಇಷ್ಟು ಫೋನಿನಲ್ಲೇ ಹೇಳಿದರೆ ಸರಿಯಾದ ಭಾಗ ಜೊತೆಗೇ ತರುತ್ತಾರೆ, ಎರಡು ಸಲ ಓಡಾಡುವುದು ತಪ್ಪುತ್ತದೆ. ಹಿಂದಿನ ರಾತ್ರಿಯೇ ಪ್ಲಗ್ ಕಿತ್ತಿಡಿ. ಕಾದ ಟ್ಯಾಂಕ್ ಬಿಚ್ಚಲು ಆಗುವುದಿಲ್ಲ.